ಒಬ್ಬ ಸದಸ್ಯ, ಒಂದೇ ಮತ

ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ‘ಸೊಸಾಯಿಟಿ’ ಎಂದರೆ ತಾವಿರುವ ಕಟ್ಟಡ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ್ದು ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. ಆಗ ಗದಗ, ಪುಣೆ ಎರಡೂ ಮುಂಬಯಿ ಪ್ರಾಂತದಲ್ಲೇ ಇದ್ದವು.

ಸಹಕಾರದ ಮೂಲ ನಿಯಮ ಸರಳ: ಶೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಸಮಿತಿಯನ್ನು ಸದಸ್ಯರೇ ಆರಿಸಬೇಕು; ಲೆಕ್ಕಪತ್ರ ವಾರ್ಷಿಕ ಸಭೆಯ ಮುಂದೆ ಬರಬೇಕು. ಕೋರಂ ಆಗದಿದ್ದರೆ ಸಭೆಯನ್ನು ಮುಂದೂಡಿ, ಮುಂದೂಡಿದ ಸಭೆಗೆ ಬಂದಷ್ಟೇ ಜನ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಹಾಗೆಯೇ ಒಮ್ಮೆ ಮೇಂಟೆನೆನ್ಸ್ ಏರಿತು. ಮರುದಿನ ಲಿಫ್ಟಿನಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬಳು. ಸಭೆಗೆ ಮಾತ್ರ ಹೋಗಿರಲಿಲ್ಲ!

ಮಕ್ಕಳೇ, ಮರಾಠಿ ನೋಟಿಸನ್ನು ನೀವು ನಮಗಿಂತ ಚೆನ್ನಾಗಿ ಓದಬಲ್ಲಿರಿ. ಮುಂದಿನ ಸಲ ಅದನ್ನು ಓದಿ ಹೇಳಿ, ಅಪ್ಪ-ಅಮ್ಮನನ್ನು ಸಭೆಗೆ ಕಳಿಸಿ. ನಾಳೆ ಆ ಮತ ನಿಮ್ಮದೇ.