ಸೀಟಿಗೆ ಸಂಗೀತದ ನೆರವು ಎಷ್ಟು?

ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಸಂಗೀತದ ಪಾಠ. 'ಹಾಡಿದರೆ ಸೀಟು ಸಿಗುತ್ತದೆಯೇ?' ಎಂಬ ಪೋಷಕರ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಒಂದೇ ಬಗೆಯದಲ್ಲ.

ರಾಜ್ಯದ ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಸಂಗೀತದಿಂದ ಅರ್ಧ ಅಂಕವೂ ಕೂಡುವುದಿಲ್ಲ. ವಿದ್ವತ್ ಪರೀಕ್ಷೆ ಪಾಸಾಗಿದ್ದರೂ ರ‍್ಯಾಂಕು ಕದಲದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆದರೆ ಮದ್ರಾಸ್ ಐಐಟಿ 2025-26ನೇ ಸಾಲಿನಿಂದ ಲಲಿತಕಲೆ ಮತ್ತು ಸಂಸ್ಕೃತಿಯಲ್ಲಿ ಸಾಧನೆ ಮಾಡಿದವರಿಗಾಗಿ ಪದವಿ ಕೋರ್ಸುಗಳಲ್ಲಿ ತಲಾ 2 ಹೆಚ್ಚುವರಿ ಸೀಟುಗಳನ್ನು ತೆರೆದಿದೆ. ಅದರಲ್ಲಿ ಒಂದು ಹುಡುಗಿಯರಿಗೇ ಮೀಸಲು. ಹಾಗೆಂದು ಹಾಡಿ ಒಳಗೆ ಹೋಗಿಬಿಡಬಹುದು ಎಂದಲ್ಲ. ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿರಬೇಕು. ಅದರ ಮೇಲೆ, ಸಂಸ್ಥೆ ಹೇಳಿದ ಸಾಧನೆಗಳಲ್ಲಿ ಒಂದಾದರೂ ಇರಬೇಕು. ಆಕಾಶವಾಣಿ ಅಥವಾ ದೂರದರ್ಶನದ ಗ್ರೇಡ್, ಸಿಸಿಆರ್‌ಟಿ ನೀಡುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಈ ಪಟ್ಟಿಯಲ್ಲಿವೆ. ಶಾಲಾ ವಾರ್ಷಿಕೋತ್ಸವದ ಬಹುಮಾನಗಳಿಗೆ ಇಲ್ಲಿ ಬೆಲೆಯಿಲ್ಲ.

ಪೋಷಕರು ಎಡವುವುದು ಇಲ್ಲೇ. ಸಿಸಿಆರ್‌ಟಿಯ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನ 10ರಿಂದ 14 ವರ್ಷದ ಮಕ್ಕಳಿಗೆ. ಪಿಯುಸಿಗೆ ಬಂದ ಮೇಲೆ ವಿಚಾರಿಸಿದರೆ ಆ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಉಳಿಯುವ ಮುಖ್ಯ ದಾರಿ ಆಕಾಶವಾಣಿಯ ಧ್ವನಿಪರೀಕ್ಷೆ. ಅದಕ್ಕೆ ದೂರ ಹೋಗಬೇಕಿಲ್ಲ, 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಬಾನುಲಿ ಆರಂಭಿಸಿದ ಊರು ಮೈಸೂರೇ. ನಾಲ್ಕೂ ತಾಲ್ಲೂಕಿನವರು ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳಬಹುದು.

ದೆಹಲಿ ವಿಶ್ವವಿದ್ಯಾಲಯದ ಪಠ್ಯೇತರ ಕೋಟಾದಲ್ಲಿ ಪ್ರಮಾಣಪತ್ರದ ಜೊತೆಗೆ ಎದುರಿಗೇ ಹಾಡಿ ತೋರಿಸಬೇಕು.

ಅಮೆರಿಕದ ಕಾಲೇಜುಗಳದು ಬೇರೆಯೇ ಕ್ರಮ. ವಿಜ್ಞಾನ ಓದಹೊರಟವರೂ ಅರ್ಜಿಯೊಂದಿಗೆ ತಮ್ಮ ಸಂಗೀತದ ಧ್ವನಿಮುದ್ರಿಕೆ ಕಳಿಸಲು ಹಲವು ಕಾಲೇಜುಗಳಲ್ಲಿ ಅವಕಾಶವಿದೆ. ಕಡ್ಡಾಯವಲ್ಲ. ಎಂಐಟಿಯಂಥ ಕಡೆ ಅದನ್ನು ಸಂಗೀತ ಬಲ್ಲವರೇ ಕೇಳುತ್ತಾರೆ. ಆದ್ದರಿಂದ ಸಾಧಾರಣ ಗಾಯನ ಕಳಿಸುವುದಕ್ಕಿಂತ ಸುಮ್ಮನಿರುವುದೇ ಲೇಸು. ಕಳಿಸುವುದೇ ಆದರೆ ಕೇಳಿದಷ್ಟೇ ನಿಮಿಷ, ಮೊದಲ ನಿಮಿಷದಲ್ಲೇ ಸತ್ವ ಇರಲಿ. ಇಡೀ ವರ್ಣ ಬೇಕಿಲ್ಲ. ರಾಗ, ತಾಳದ ಪರಿಚಯವಿಲ್ಲದವರೂ ಕೇಳಬಹುದಾದ್ದರಿಂದ ಎರಡು ಸಾಲಿನ ವಿವರಣೆ ಬರೆದಿಡಬೇಕು.

ಮುದ್ರಿಸುವಾಗ ಒಂದು ಎಚ್ಚರ. ಮೊಬೈಲಿನ ಸದ್ದು ತಗ್ಗಿಸುವ ವ್ಯವಸ್ಥೆ ಒಂದೇ ಸಮನೆ ಬರುವ ದನಿಯನ್ನು ಗದ್ದಲವೆಂದು ಭಾವಿಸುತ್ತದೆ. ಪರಿಣಾಮ, ತಂಬೂರಿಯ ಶ್ರುತಿಯೇ ಮಾಯ! ಆ ವ್ಯವಸ್ಥೆಯನ್ನು ಆರಿಸಿಡಬೇಕು. ಬರಿಗೋಡೆಯ ಕೋಣೆ ಪ್ರತಿಧ್ವನಿಸುತ್ತದೆ; ಗೋಡೆಗೆ ಎರಡು ಕೌದಿ ತೂಗುಹಾಕಿದರೆ ಸಾಕು. ರಸ್ತೆ ಬದಿಯ ಮನೆಯವರು ಮೊದಲ ಬಸ್ಸು ಹೊರಡುವ ಮುನ್ನವೇ ಕೂರುವುದು ವಾಸಿ.