ಮೋಟಾರ್ ಹಾಕಿದ ಕೂಡ್ಲೆ ಗ್ಯಾಸ್ ಜನರೇಟರ್ ನಿಂತುಹೋಗುತ್ತಾ?

ನಮ್ಮ ಮಾಯಸಂದ್ರ, ತುರುವೇಕೆರೆ ಕಡೆ ಬೇಸಿಗೆಯಲ್ಲಿ ನೀರು ತಪ್ಪಿದರೆ ತೆಂಗಿನ ಹರಳು ಉದುರುತ್ತೆ. ಕರೆಂಟ್ ಇಲ್ಲದಾಗ ಗೋಬರ್ ಗ್ಯಾಸ್ ಜನರೇಟರ್ ನೆಚ್ಚಿಕೊಂಡವರಿಗೆ ಒಂದೇ ತಲೆನೋವು: ಬಲ್ಬ್ ಉರಿಯುತ್ತೆ, ಮೋಟಾರ್ ಹಾಕಿದ್ರೆ ಇಂಜಿನ್ ಆಫ್!

ಯಾಕೆ ಹೀಗೆ? 5 ಎಚ್‌ಪಿ ತ್ರೀ ಫೇಸ್ ಮೋಟಾರ್ ಓಡುವಾಗ ಸುಮಾರು 7–8 ಆಂಪಿಯರ್ ಎಳೆಯುತ್ತೆ. ಡಿಒಎಲ್ ಸ್ಟಾರ್ಟರ್ ಒತ್ತಿದ ಕ್ಷಣ ಹೆಚ್ಚುಕಡಿಮೆ ಅದರ ಆರು ಪಟ್ಟು. ಡೀಸೆಲ್ ಇಂಜಿನ್‌ನಲ್ಲಿ ಇಂಧನ ನೇರ ಸಿಲಿಂಡರಿಗೇ ಚಿಮ್ಮುತ್ತೆ. ಗ್ಯಾಸ್ ಇಂಜಿನ್‌ನಲ್ಲಿ ಗಾಳಿ, ಗ್ಯಾಸ್ ಎರಡೂ ಬೆರೆತು ಪೈಪ್ ದಾಟಿ ಬರಬೇಕು. ಅಷ್ಟರಲ್ಲಿ ಇಂಜಿನ್ ಸೋತಿರುತ್ತೆ.

ಟರ್ಬೊ ಇರುವ ದೊಡ್ಡ ಇಂಜಿನ್‌ಗಳಿಗೆ ಒಂದು ಉಪಾಯ ಇದೆ. ಟ್ಯಾಂಕ್‌ನಲ್ಲಿ ಒತ್ತಿಟ್ಟ ಗಾಳಿಯನ್ನು ಲೋಡ್ ಬಿದ್ದಾಗ ಟರ್ಬೊ ಚಕ್ರಕ್ಕೆ ಊದಿದರೆ ಅದು ಬೇಗ ವೇಗ ಹಿಡಿಯುತ್ತೆ. ಗಾಳಿ ಹೆಚ್ಚಿದಂತೆ ಗ್ಯಾಸನ್ನೂ ಹೆಚ್ಚಿಸ್ತಾರೆ.

ನಮ್ಮ ಸಣ್ಣ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಟರ್ಬೊ ಇರಲ್ಲ. ಹಾಗಾಗಿ ಪಂಕ್ಚರ್ ಅಂಗಡಿ ಕಂಪ್ರೆಸರ್ ತಂದು ಪ್ರಯೋಗ ಮಾಡಬೇಡಿ. ಬರೀ ಗಾಳಿ ಹೋದರೆ ಮಿಶ್ರಣ ತೆಳುವಾಗಿ ಇಂಜಿನ್ ಇನ್ನೂ ಬೇಗ ನಿಲ್ಲುತ್ತೆ. ಗಾಳಿ ಗ್ಯಾಸ್ ಲೈನಿಗೆ ನುಗ್ಗಿದರೆ ಅಪಾಯ.

ಬದಲಿಗೆ ಹೀಗೆ ಮಾಡಿ:

• ಇಂಜಿನ್ ಬಿಸಿಯಾಗಲಿ. ಮೊದಲು ಮೋಟಾರ್, ಆಮೇಲೆ ಉಳಿದದ್ದು.
• ಗೇಟ್ ವಾಲ್ವ್ ಸ್ವಲ್ಪವೇ ತೆರೆದು ಶುರು ಮಾಡಿ, ನಿಧಾನಕ್ಕೆ ಪೂರ್ತಿ ತೆರೆಯಿರಿ.
• ಮೋಟಾರಿನಿಂದ ಆರು ವೈರ್ ಬಂದಿದ್ದರೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿ, ಶುರುವಿನ ಎಳೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಮೂರೇ ವೈರ್ ಇದ್ದರೆ ಸಾಫ್ಟ್ ಸ್ಟಾರ್ಟರ್ ಬಗ್ಗೆ ಎಲೆಕ್ಟ್ರಿಷಿಯನ್ ಹತ್ರ ಕೇಳಿ.

ಹೊಸದಾಗಿ ಕೊಳ್ಳೋರು ಬಲ್ಬ್ ಉರಿಸಿ ತೋರಿಸಿದ್ದಕ್ಕೇ ದುಡ್ಡು ಕೊಡಬೇಡಿ. ನಿಮ್ಮ ತೋಟದ ಮೋಟಾರ್ ಎತ್ತಿ ತೋರಿಸಲಿ, ಆಮೇಲೆ ಮಾತು.