ಮುಳುಗಿದ ಊರಿನ ಹೆಸರು

‘ಒಕ್ಕಲೆಬ್ಬಿಸು’ ಎಂಬ ಮಾತು ನಮ್ಮ ಭಾಷೆಯಲ್ಲಿದೆ. ಒಕ್ಕಲು ಎಂದರೆ ನೆಲವನ್ನು ನಂಬಿ ನಿಂತ ಕುಟುಂಬ. ಆ ಕುಟುಂಬವನ್ನು ಎಬ್ಬಿಸುವುದೆಂದರೆ ಪಂಕ್ತಿಯಲ್ಲಿ ಕುಳಿತವನನ್ನು ಎಲೆಯ ಮುಂದಿನಿಂದ ಎಬ್ಬಿಸಿದಂತೆ. ಇದಕ್ಕೆ ಹತ್ತಿರದ ಇನ್ನೊಂದು ಮಾತು ‘ಗುಳೆ’. ಬರಗಾಲ ಬಂದರೆ, ದಂಡಿನ ಹಾವಳಿಯಾದರೆ ಜನ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುತ್ತಿದ್ದರು. ಮಳೆ ಬಿದ್ದರೆ, ದಂಡು ತೊಲಗಿದರೆ ಹಿಂದಿರುಗುತ್ತಿದ್ದರು. ಗುಳೆಯಲ್ಲಿ ಮರಳುವ ಆಸೆಯುಂಟು, ಒಕ್ಕಲೆಬ್ಬಿಸುವುದರಲ್ಲಿ ಅದಿಲ್ಲ. ಅಣೆಕಟ್ಟುಗಳ ಕಾಲ ಇವೆರಡಕ್ಕೆ ‘ಮುಳುಗಡೆ’ ಎಂಬ ಮೂರನೆಯದೊಂದನ್ನು ಸೇರಿಸಿತು. ಮುಳುಗಿದ್ದು ಊರು, ಆದರೆ ಕಡತದಲ್ಲಿ ಊರಿನವರಿಗೆ ದೊರೆತ ಹೆಸರು ‘ಸಂತ್ರಸ್ತ’. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯಲ್ಲಿ ಈ ಎರಡು ಪದಗಳನ್ನು ಅಕ್ಷರ ಬಾರದವರೂ ಬಲ್ಲರು.

ಊರನ್ನು ಕಳೆದುಕೊಂಡ ಜನ ಅದನ್ನು ಹೇಗೆ ನೆನೆಯುತ್ತಾರೆ, ಆ ನೆನಪಿಗೂ ಅವರ ಹಕ್ಕಿಗೂ ಏನು ಸಂಬಂಧ ಎಂಬುದನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಇದಕ್ಕಾಗಿ ನಮ್ಮ ಹೇಮಾವತಿಯ ದಡದಿಂದ ಬಹು ದೂರದ ಪ್ಯಾಲೆಸ್ತೀನಿನವರೆಗೆ ಒಮ್ಮೆ ಹೋಗಿಬರಬೇಕಾಗುತ್ತದೆ. ಏಕೆಂದರೆ ಕಳೆದುಹೋದ ಊರುಗಳನ್ನು ನೆನೆಯುವುದನ್ನೇ ಒಂದು ಜನಾಂಗದ ಬದುಕಾಗಿ ಮಾಡಿಕೊಂಡವರು ಅಲ್ಲಿದ್ದಾರೆ.

ಮೊದಲು ನಮ್ಮ ಸಂಗತಿ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ. ಸಕಲೇಶಪುರದ ಸಕಲೇಶ್ವರನ ಗುಡಿಯ ಬದಿಯಲ್ಲಿ ಹಾದು, ಗುಡ್ಡಗಳ ನಡುವಣ ಗದ್ದೆಬಯಲುಗಳಲ್ಲಿ ಹರಿದು, ಗೊರೂರಿನ ಬಳಿ ಯಗಚಿಯನ್ನು ಕೂಡಿಕೊಂಡು, ಮುಂದೆ ಕಾವೇರಿಯನ್ನು ಸೇರುತ್ತದೆ. ಗೊರೂರಿನ ಅಣೆಕಟ್ಟು ಮುಗಿದದ್ದು ೧೯೭೯ರಲ್ಲಿ. ಅದು ಹಿಡಿದಿಡುವ ನೀರು ಸುಮಾರು ೩೭ ಟಿ.ಎಂ.ಸಿ. ನಾಲೆಗಳು ಹಾಸನದ ಬಯಲಿಗೆ ಮಾತ್ರವಲ್ಲದೆ ಮಂಡ್ಯ, ತುಮಕೂರು ಜಿಲ್ಲೆಗಳಿಗೂ ನೀರೊಯ್ದವು. ಒಣ ಹೊಲಗಳು ಹಸಿರಾದವು; ಪಟ್ಟಣಗಳಿಗೆ ಕುಡಿಯುವ ನೀರು ಬಂತು. ಇದನ್ನು ಅಲ್ಲಗಳೆಯುವವನು ಕೃತಘ್ನನಾದಾನು.

ಆದರೆ ಹಿನ್ನೀರು ಹಬ್ಬಿದ ಕಡೆ ಊರುಗಳಿದ್ದವು. ಅಲ್ಲಿ ಗದ್ದೆ, ಕಣ, ಊರದೇವತೆಯ ಗುಡಿ, ಸುಗ್ಗಿಯ ಕುಣಿತಕ್ಕೆಂದು ಬಿಟ್ಟ ಬಯಲು, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲವೂ ಇದ್ದವು. ಆಗ ಜಾರಿಯಲ್ಲಿದ್ದದ್ದು ೧೮೯೪ರ ಭೂಸ್ವಾಧೀನ ಕಾಯಿದೆ. ಜಮೀನಿನಲ್ಲಿ ಹಕ್ಕಿದ್ದವನಿಗೆ ಹಣ ಕೊಡುವುದಷ್ಟೇ ಅದರ ಧರ್ಮ. ಹೋದ ಊರಿಗೆ ಬದಲಾಗಿ ಇನ್ನೊಂದು ಊರನ್ನು ಕಟ್ಟಿಕೊಡುವ ಹೊಣೆಯನ್ನು ಅದು ಸರ್ಕಾರದ ಮೇಲೆ ಹೊರಿಸಿರಲಿಲ್ಲ. ಪುನರ್ವಸತಿಯನ್ನು ಕಡ್ಡಾಯ ಮಾಡಿದ ಕೇಂದ್ರ ಕಾಯಿದೆ ಬಂದದ್ದು ೨೦೧೩ರಲ್ಲಿ. ಹೇಮಾವತಿಯ ಜನಕ್ಕೆ ಸರ್ಕಾರ ಜಮೀನು ಕೊಡಲು ಮುಂದಾಯಿತೆಂಬುದು ನಿಜ. ಸಕಲೇಶಪುರ, ಆಲೂರಿನ ಬೆಟ್ಟದ ಸೀಮೆಯಲ್ಲಿ ಅದಕ್ಕಾಗಿ ನೆಲವನ್ನು ಕಾದಿರಿಸಲಾಯಿತು. ಇಂದಿಗೂ ಅಲ್ಲಿ ‘ಎಚ್.ಆರ್.ಪಿ. ಜಮೀನು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಕಾಗದದ ಮೇಲಿನ ಎಕರೆಗೂ ನೇಗಿಲ ಕೆಳಗಿನ ಎಕರೆಗೂ ನಡುವೆ ಬಹಳ ದೂರ. ಕೆಲವು ಕಡೆ ಅದು ಅರಣ್ಯವೋ ಕಂದಾಯವೋ ಎಂಬ ವಿವಾದ. ಕೆಲವು ಕಡೆ ಆಗಲೇ ಉಳುಮೆ ಮಾಡುತ್ತಿದ್ದವರು. ಇನ್ನು ಕೆಲವು ಕಡೆ ಆನೆಯ ದಾರಿ. ಹೊಳೆದಂಡೆಯ ಗದ್ದೆಯಲ್ಲಿ ನಾಟಿ ಮಾಡಿ ಬೆಳೆದ ಕೈಗೆ ಬೆಟ್ಟದ ಇಳಿಜಾರು ಹೊಸದು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಈ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳಿದವನು. ‘ನನ್ನ ಊರು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸುವುದು ನನ್ನ ವಾಡಿಕೆಯಾಗಿತ್ತು. ಮುಳುಗಡೆಯ ಮನೆಗಳಿಂದ ಬಂದ ಮಕ್ಕಳ ಬರಹ ಬೇರೆಯಾಗಿರುತ್ತಿತ್ತು. ತಾವಿರುವ ಊರನ್ನು ಎರಡು ಸಾಲಿನಲ್ಲಿ ಮುಗಿಸಿ, ತಾವು ಕಣ್ಣಿನಿಂದ ಕಾಣದ ಊರನ್ನು ಎರಡು ಪುಟ ವರ್ಣಿಸುತ್ತಿದ್ದರು. ಬಾವಿ ಯಾವ ದಿಕ್ಕಿಗಿತ್ತು, ಕಟ್ಟೆಯ ಮೇಲೆ ಯಾವ ಮರವಿತ್ತು, ಹೊಳೆ ದಾಟುವ ಕಲ್ಲುಗಳು ಎಷ್ಟಿದ್ದವು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಜ್ಜಿಯ ಬಾಯಿಂದ ಕೇಳಿದ ಊರು ಅದು. ಬರಹದಲ್ಲಿ ಕಾಗುಣಿತ ತಪ್ಪಿರಬಹುದು, ದಿಕ್ಕು ತಪ್ಪುತ್ತಿರಲಿಲ್ಲ.

ಇದೇ ಬಗೆಯ ಬಾಯಿಪಾಠವನ್ನು ಪ್ಯಾಲೆಸ್ತೀನೀಯರಲ್ಲಿ ಕಾಣುತ್ತೇವೆ. ಲೆಬನಾನಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಹುಡುಗನನ್ನು ನಿನ್ನ ಊರಾವುದೆಂದು ಕೇಳಿದರೆ ಅವನು ಶಿಬಿರದ ಹೆಸರನ್ನು ಹೇಳುವುದಿಲ್ಲ, ತಾತನ ಹಳ್ಳಿಯ ಹೆಸರನ್ನು ಹೇಳುತ್ತಾನೆ. ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದಾಗ ನಡೆದ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನೀಯರು ಓಡಿಸಲ್ಪಟ್ಟರು ಅಥವಾ ಭಯದಿಂದ ಓಡಿದರು. ಸ್ವಲ್ಪ ದಿನ ಕಳೆದರೆ ಹಿಂದಿರುಗುವೆವೆಂದು ಮನೆಗೆ ಬೀಗ ಹಾಕಿ ಹೊರಟವರು ಅನೇಕರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅವರು ಗುಳೆ ಹೊರಟೆವೆಂದುಕೊಂಡಿದ್ದರು, ಆದದ್ದು ಒಕ್ಕಲೆಬ್ಬಿಸುವುದು. ಬೀಗದ ಕೈ ಮಾತ್ರ ಉಳಿಯಿತು. ಬಾಗಿಲಿಲ್ಲದ ಆ ಬೀಗದ ಕೈಗಳನ್ನು ತಂದೆ ಮಗನಿಗೆ, ಅಜ್ಜಿ ಮೊಮ್ಮಗಳಿಗೆ ಒಪ್ಪಿಸುತ್ತ ಬಂದಿದ್ದಾರೆ.

ಈ ವಿಪತ್ತಿಗೆ ಅವರು ‘ನಕ್ಬಾ’ ಎಂದು ಹೆಸರಿಟ್ಟರು. ಅರಬ್ಬಿಯಲ್ಲಿ ಮಹಾವಿಪತ್ತು ಎಂದು ಅರ್ಥ. ಕಾನ್‌ಸ್ಟಂಟೀನ್ ಜುರೈಕ್ ಎಂಬ ಚಿಂತಕರು ೧೯೪೮ರಲ್ಲಿಯೇ ತಮ್ಮ ಪುಸ್ತಕದ ಶೀರ್ಷಿಕೆಯಲ್ಲಿ ಈ ಪದವನ್ನು ಬಳಸಿದರು. ಮೇ ೧೫ ಅದರ ಸ್ಮರಣೆಯ ದಿನ. ೧೯೯೮ರಲ್ಲಿ ಯಾಸರ್ ಅರಾಫತರು ಅದನ್ನು ಅಧಿಕೃತವಾಗಿ ಸಾರಿದರು. ಮನೆಗೆ ಮರಳಬಯಸುವವರಿಗೆ ಅವಕಾಶ ಕೊಡಬೇಕೆಂದು ಹೇಳಿದ ವಿಶ್ವಸಂಸ್ಥೆಯ ೧೯೪ನೆಯ ನಿರ್ಣಯ ೧೯೪೮ರ ಡಿಸೆಂಬರ್ ತಿಂಗಳಿನದು. ಇನ್ನೊಂದು ದಿನ ಮಾರ್ಚ್ ೩೦. ೧೯೭೬ರ ಆ ದಿನ, ಗಲಿಲೀ ಪ್ರಾಂತದ ಭೂಸ್ವಾಧೀನವನ್ನು ವಿರೋಧಿಸಿ ಇಸ್ರೇಲಿನೊಳಗಿನ ಅರಬರು ಮುಷ್ಕರ ಹೂಡಿದಾಗ ಆರು ಮಂದಿ ಸತ್ತರು. ಅಂದಿನಿಂದ ಅದು ‘ಭೂಮಿಯ ದಿನ’. ೨೦೧೮ರಲ್ಲಿ ಗಾಜಾದ ಜನ ಬೇಲಿಯತ್ತ ನಡೆದ ‘ಮರಳುವ ಮಹಾನಡಿಗೆ’ಯೂ ಇದೇ ದಿನ ಆರಂಭವಾಯಿತು, ಅದರಲ್ಲಿಯೂ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ೨೦೨೩ರ ಅಕ್ಟೋಬರ್ ೭ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನ ಸುಮಾರು ೧೨೦೦ ಜನ ಹತರಾದರು. ಅನಂತರದ ಯುದ್ಧದಲ್ಲಿ ಗಾಜಾದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಮನೆ ಬಿಟ್ಟರೆಂದು ವಿಶ್ವಸಂಸ್ಥೆ ಹೇಳಿತು. ಅವರಲ್ಲಿ ಬಹುಪಾಲು ಮಂದಿ ಮೊದಲೇ ೧೯೪೮ರ ನಿರಾಶ್ರಿತರು ಅಥವಾ ಅವರ ಮಕ್ಕಳು, ಮೊಮ್ಮಕ್ಕಳು.

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಇಸ್ರೇಲನ್ನು ಕಟ್ಟಿದವರಲ್ಲಿ ಯುರೋಪಿನ ನರಮೇಧದಿಂದ ಉಳಿದು ಬಂದವರಿದ್ದರು. ಅರಬ್ ದೇಶಗಳಿಂದ ಮನೆ ಬಿಟ್ಟು ಬಂದ ಯಹೂದಿಗಳೂ ಕೆಲವು ಲಕ್ಷ ಮಂದಿ. ಅವರ ನೆನಪೂ ನೆನಪೇ. ಒಬ್ಬರ ಸ್ವಾತಂತ್ರ್ಯೋತ್ಸವ ಮತ್ತೊಬ್ಬರ ಸೂತಕದ ದಿನವಾಗುವುದು ಚರಿತ್ರೆಯ ಕ್ರೌರ್ಯ. ೧೯೪೭ರ ವಿಭಜನೆಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಲಿಲೀ ಪ್ರಾಂತದ ಇಕ್ರಿತ್ ಎಂಬ ಸಣ್ಣ ಹಳ್ಳಿಯ ಕಥೆ ನಮ್ಮವರಿಗೆ ತಕ್ಷಣ ತಿಳಿಯುವಂಥದು. ಅದು ಕ್ರೈಸ್ತರ ಊರು. ೧೯೪೮ರ ನವೆಂಬರಿನಲ್ಲಿ ಸೈನ್ಯ ಅವರನ್ನು ಹದಿನೈದು ದಿನಗಳ ಮಟ್ಟಿಗೆಂದು ಹೇಳಿ ಬೇರೆಡೆಗೆ ಸಾಗಿಸಿತು. ಆ ಹದಿನೈದು ದಿನ ಮುಗಿಯಲೇ ಇಲ್ಲ. ಊರಿನವರು ನ್ಯಾಯಾಲಯಕ್ಕೆ ಹೋದರು; ೧೯೫೧ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಸೈನ್ಯ ಮನೆಗಳನ್ನು ಸ್ಫೋಟಿಸಿತು. ಇಗರ್ಜಿ ಮತ್ತು ಸ್ಮಶಾನ ಮಾತ್ರ ಉಳಿದವು. ಆ ಊರಿನವರು ಇಂದಿಗೂ ಅಲ್ಲಿಗೆ ಬಂದು ಪೂಜೆ ಸಲ್ಲಿಸುತ್ತಾರೆ; ಸತ್ತವರನ್ನು ಅಲ್ಲಿಯೇ ಹೂಳುತ್ತಾರೆ. ಬದುಕಲು ಮರಳಲಾರದ ಊರಿಗೆ ಸತ್ತ ಮೇಲಾದರೂ ಮರಳುವರು.

ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿಯೂ ಹೀಗೆ ಉಳಿದ ಒಂದು ಇಗರ್ಜಿಯಿದೆ. ಹಾಸನದ ಸಮೀಪದ ಶೆಟ್ಟಿಹಳ್ಳಿಯದು. ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಜಲಾಶಯ ತುಂಬಿದಾಗ ಅದು ನೀರಿನಲ್ಲಿ ನಿಲ್ಲುತ್ತದೆ; ಬೇಸಿಗೆಯಲ್ಲಿ ನೀರಿಳಿದಾಗ ಕೆಸರಿನ ನಡುವೆ ಮೇಲೇಳುತ್ತದೆ. ಚಾವಣಿ ಹೋಗಿದೆ, ಗೋಡೆಗಳು ವರ್ಷ ವರ್ಷವೂ ಸವೆಯುತ್ತಿವೆ. ದೂರದೂರುಗಳಿಂದ ಜನ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅದರ ಚೆಲುವನ್ನು ಎಲ್ಲರೂ ಹೊಗಳುತ್ತಾರೆ. ಅದರೊಳಗೆ ಮದುವೆಯಾದವರು, ಮಕ್ಕಳಿಗೆ ಹೆಸರಿಡಿಸಿದವರು ಎಲ್ಲಿ ಹೋದರೆಂದು ಕೇಳುವವರನ್ನು ನಾನು ಹೆಚ್ಚು ಕಂಡಿಲ್ಲ. ಅವಶೇಷ ಪ್ರಸಿದ್ಧವಾಯಿತು, ಊರು ಮರೆತುಹೋಯಿತು. ಇಕ್ರಿತಿನಲ್ಲಿ ಇಗರ್ಜಿ ಊರಿನ ಸಾಕ್ಷಿ. ಶೆಟ್ಟಿಹಳ್ಳಿಯಲ್ಲಿ ಅದು ನೋಟಕರ ವಿನೋದ.

ಈ ಎರಡು ದುಃಖಗಳು ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಡೆದದ್ದು ಯುದ್ಧ. ಬಂದೂಕಿನ ಬಾಯಲ್ಲಿ ಜನ ದೇಶವನ್ನೇ ಕಳೆದುಕೊಂಡರು. ನಮ್ಮವರು ತಮ್ಮ ನಾಡಿನಲ್ಲಿಯೇ ಉಳಿದರು, ಮತದಾನದ ಹಕ್ಕನ್ನು ಉಳಿಸಿಕೊಂಡರು, ಪರಿಹಾರಕ್ಕೆ ಅರ್ಹರೆಂದು ಸರ್ಕಾರವೇ ಒಪ್ಪಿತು. ಅವರು ಕೇಳುವುದು ಮರಳುವ ಹಕ್ಕನ್ನಲ್ಲ, ನೀರಿನೊಳಕ್ಕೆ ಮರಳುವವರಾರು? ಹಕ್ಕುಪತ್ರ, ಪೋಡಿ, ಖಾತೆ, ಇಷ್ಟೇ ಅವರ ಬೇಡಿಕೆ. ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತಾಗಲೂ ಅವರ ಕೈಯಲ್ಲಿರುವುದು ಬೀಗದ ಕೈಯಲ್ಲ, ಅರ್ಜಿಯ ನಕಲು. ಆದರೆ ಹೋಲಿಕೆ ಒಂದು ಕಡೆ ನಿಲ್ಲುತ್ತದೆ: ಊರು ಹೋದ ಮೇಲೆ ಉಳಿಯುವ ಹಕ್ಕು ನೆನಪನ್ನೇ ಆಧರಿಸಿ ನಿಲ್ಲಬೇಕು. ಪ್ಯಾಲೆಸ್ತೀನೀಯರು ಆ ನೆನಪಿಗೆ ಒಂದು ಹೆಸರು, ಒಂದು ಗುರುತು, ಒಂದು ದಿನ ಇವನ್ನು ಕೊಟ್ಟರು. ನಮ್ಮಲ್ಲಿ ಇವು ಮೂರೂ ಇಲ್ಲ.

ಜಲಾಶಯಕ್ಕೇನೋ ಒಂದು ದಿನವಿದೆ. ಅದು ತುಂಬಿದ ವರ್ಷ ಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ನಾಲೆಯ ರೈತನಿಗೆ ಅದು ಹಬ್ಬ, ಆಗಲೂ ಬೇಕು. ಮುಳುಗಿದ ಊರಿನವನಿಗೆ ಮಾತ್ರ ನೀರು ತುಂಬಿದ ದಿನ ಏನೂ ಕಾಣದು. ಅವನ ದಿನ ಬರುವುದು ಬೇಸಿಗೆಯಲ್ಲಿ, ಹಳೆಯ ದಾರಿಯೂ ಗೋಡೆಯ ಬುಡವೂ ಹೊರಗೆ ಕಂಡಾಗ. ಆ ದಿನಕ್ಕೆ ಪಂಚಾಂಗದಲ್ಲಿ ಹೆಸರಿಲ್ಲ.

ಇದರಿಂದ ಆಗುವ ನಷ್ಟ ಮನಸ್ಸಿನದು ಮಾತ್ರವಲ್ಲ. ಹೇಮಾವತಿ ಯೋಜನೆಯ ಜಮೀನನ್ನು ಸಂತ್ರಸ್ತರಲ್ಲದವರು ಸುಳ್ಳು ದಾಖಲೆಗಳಿಂದ ಪಡೆದರೆಂಬ ಆರೋಪ ಹಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಿದೆ. ಯಾವ ಊರು ಮುಳುಗಿತು, ಅಲ್ಲಿ ಯಾವ ಮನೆಗಳಿದ್ದವು ಎಂಬುದು ಎಲ್ಲರ ಕಣ್ಣೆದುರಿಗಿದ್ದರೆ ಸುಳ್ಳು ಸಂತ್ರಸ್ತ ಹುಟ್ಟುವುದು ಕಷ್ಟ. ಊರೇ ಮರೆತಿರುವಾಗ ಯಾರು ಬೇಕಾದರೂ ಆ ಊರಿನವರಾಗಬಹುದು. ಪ್ಯಾಲೆಸ್ತೀನಿನ ವಿಷಯದಲ್ಲಿ ವಿಶ್ವಸಂಸ್ಥೆಯ ಸಂಧಾನ ಆಯೋಗ ೧೯೬೪ರ ಹೊತ್ತಿಗೆ ನಿರಾಶ್ರಿತರ ಸ್ಥಿರಾಸ್ತಿಯ ಪಟ್ಟಿಯನ್ನು ಮಾಡಿ ಮುಗಿಸಿತ್ತು. ವಾಲಿದ್ ಖಾಲಿದಿ ಎಂಬ ಇತಿಹಾಸಕಾರರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಶವಾದ ೪೧೮ ಹಳ್ಳಿಗಳನ್ನು ಒಂದೊಂದಾಗಿ ವಿವರಿಸಿದ್ದಾರೆ. ನ್ಯಾಯ ಇನ್ನೂ ದೊರೆತಿಲ್ಲ. ಆದರೆ ಅಂಥ ಊರೇ ಇರಲಿಲ್ಲವೆಂದು ಹೇಳುವ ಧೈರ್ಯವನ್ನು ಆ ಪುಸ್ತಕ ಕಸಿದುಕೊಂಡಿದೆ.

ಇದು ಸಾಹಿತಿಗಳಿಗೂ ಸೇರಿದ ಕೆಲಸ. ಗಲಿಲೀಯ ಬಿರ್ವಾ ಎಂಬ ಹಳ್ಳಿಯಲ್ಲಿ ೧೯೪೧ರಲ್ಲಿ ಹುಟ್ಟಿದ ಕವಿ ಮಹಮೂದ್ ದರ್ವೀಶರ ಊರು ಈಗ ಅವರ ಓದುಗರಲ್ಲಿ ಉಳಿದಿದೆ. ನಮ್ಮಲ್ಲಿ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿಂದ ಶರಾವತಿಯ ಸಂತ್ರಸ್ತರನ್ನು ಕನ್ನಡಿಗರ ಮನೆಮಾತಾಗಿಸಿದರು. ಹೇಮಾವತಿಯ ಮುಳುಗಡೆ ಓದುಗರ ಮನಸ್ಸಿನಲ್ಲಿ ಅಷ್ಟು ಆಳವಾಗಿ ನಿಂತಿಲ್ಲವೆಂದೇ ನನ್ನ ಭಾವನೆ. ‘ಹಳ್ಳಿಯ ಚಿತ್ರಗಳು’ ಬರೆದ ರಾಮಸ್ವಾಮಿ ಅಯ್ಯಂಗಾರರ ಗೊರೂರಿನಲ್ಲಿಯೇ ಅಣೆಕಟ್ಟು ಎದ್ದಿತೆಂಬುದನ್ನು ನೆನೆದರೆ ಈ ಮರೆವು ಇನ್ನಷ್ಟು ಚುಚ್ಚುತ್ತದೆ.

ಆಗಬೇಕಾದದ್ದು ದೊಡ್ಡದೇನಲ್ಲ. ಗೊರೂರಿನ ಅಣೆಕಟ್ಟಿನ ಬಳಿ ಮುಳುಗಿದ ಊರುಗಳ ಹೆಸರನ್ನೆಲ್ಲ ಕೆತ್ತಿದ ಒಂದು ಕಲ್ಲನ್ನು ನಿಲ್ಲಿಸಬಹುದು. ಕಲ್ಲಿನಲ್ಲಿ ಕೊಡುಗೆಯನ್ನು ಕೆತ್ತಿಸುವುದು ಹಾಸನ ಸೀಮೆಗೆ ಹೊಸದಲ್ಲ; ಇಲ್ಲಿ ಕೊಟ್ಟವರು ಅರಸರಲ್ಲ, ಒಕ್ಕಲುಗಳು ಎಂಬುದಷ್ಟೇ ವ್ಯತ್ಯಾಸ. ಬಾಗಿನದ ದಿನ ಆ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಬಹುದು. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಸಕಲೇಶಪುರ, ಆಲೂರಿನ ಬೆಟ್ಟಗಳಿಗೆ ಕಳಿಸಿ, ಹಳೆಯ ಊರಿನ ಮನೆ, ಬೀದಿ, ಹೊಲದ ಹೆಸರುಗಳನ್ನು ಬರೆಸಿಕೊಳ್ಳಬಹುದು. ೧೯೭೯ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರುವತ್ತೈದು ದಾಟಿದೆ. ಹೇಳುವ ಬಾಯಿಗಳು ಇನ್ನೂ ಇವೆ. ಕೇಳುವ ಕೆಲಸ ಬೇಗ ಆಗಬೇಕು.

(ಬಾನುಲಿ ಭಾಷಣ)